ಆಲಿಸಲು ಮಾತ್ರ ಮೀಸಲಾದ ಚಾನೆಲ್ (ವಾಹನ ರೇಡಿಯೊ)

ಆಲಿಸಲು ಮಾತ್ರ ಮೀಸಲಾದ ಚಾನೆಲ್ ಎಂದರೆ, ವಾಹನದಲ್ಲಿ ಅಳವಡಿಸಿದ ದ್ವಿಮುಖ ರೇಡಿಯೊದಲ್ಲಿ ಬೇರೆಯವರ ಮಾತನ್ನು ಕೇಳಲು ಸಾಧ್ಯವಿದ್ದು, ಮರಳಿ ಮಾತನಾಡಲು ಅವಕಾಶವಿಲ್ಲದ ಚಾನೆಲ್. ಬಳಕೆದಾರನು ರೇಡಿಯೊದ ಸಾಮಾನ್ಯ ಚಾನೆಲ್‌ಗಳ ಜೊತೆಗೆ ತನಗೆ ಬೇಕಾದ ಕಂಪನಾಂಕಗಳನ್ನು ಹೆಚ್ಚುವರಿಯಾಗಿ ತುಂಬಿಕೊಳ್ಳುತ್ತಾನೆ. ಆಸ್ಟ್ರೇಲಿಯಾದ ಯುಎಚ್‌ಎಫ್ ನಾಗರಿಕ ಬ್ಯಾಂಡ್ ರೇಡಿಯೊಗಳ ಅನೇಕ ಮಾದರಿಗಳಲ್ಲಿ ಈ ಸೌಲಭ್ಯವಿದ್ದು, ಪ್ರಸ್ತುತ ಲೇಖನವು ಮುಖ್ಯವಾಗಿ ಆ ದೇಶದ ಬಳಕೆಯನ್ನು ಕುರಿತದ್ದಾಗಿದೆ.

ಹಿನ್ನೆಲೆ

ಆಸ್ಟ್ರೇಲಿಯಾದಲ್ಲಿ ನಾಗರಿಕ ಬ್ಯಾಂಡ್ ರೇಡಿಯೊ 1977ರಲ್ಲಿ ಕಾನೂನುಬದ್ಧವಾಯಿತು. ಯುಎಚ್‌ಎಫ್ ವಿಭಾಗದಲ್ಲಿ ಆರಂಭದಲ್ಲಿ 40 ಚಾನೆಲ್‌ಗಳಿದ್ದವು. 2011ರಲ್ಲಿ ಚಾನೆಲ್‌ಗಳ ನಡುವಿನ ಅಂತರವನ್ನು 25 ಕಿಲೋಹರ್ಟ್ಸ್‌ನಿಂದ 12.5 ಕಿಲೋಹರ್ಟ್ಸ್‌ಗೆ ಇಳಿಸಿ, ಸಂಖ್ಯೆಯನ್ನು 80ಕ್ಕೆ ಏರಿಸಲಾಯಿತು. ಇವೆಲ್ಲವೂ 476.4ರಿಂದ 477.4 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಅಡಕವಾಗಿವೆ. ಪ್ರಸಾರದ ಶಕ್ತಿ 5 ವ್ಯಾಟ್ ಮೀರಬಾರದು. ಬಳಕೆದಾರನು ವೈಯಕ್ತಿಕ ಪರವಾನಗಿ ಪಡೆಯಬೇಕಾಗಿಲ್ಲ. ನೂರಾರು ಕಿಲೋಮೀಟರ್ ಮೊಬೈಲ್ ಸಂಪರ್ಕವೇ ಸಿಗದ ಒಳನಾಡಿನ ಹೆದ್ದಾರಿಗಳಲ್ಲಿ ಲಾರಿ ಚಾಲಕರೂ ಕೃಷಿಕರೂ ಪ್ರವಾಸಿಗರೂ ಇದನ್ನೇ ನೆಚ್ಚಿದ್ದಾರೆ. 40ನೆಯ ಚಾನೆಲ್ ಲಾರಿ ಚಾಲಕರದು. 18ನೆಯದು ಕ್ಯಾರವಾನ್ ಪ್ರವಾಸಿಗರದು. 5 ಮತ್ತು 35 ತುರ್ತು ಕರೆಗಳಿಗೆ ಮೀಸಲು.

ಕಾರ್ಯವಿಧಾನ

ರೇಡಿಯೊದ ಸ್ವೀಕಾರ ಭಾಗವು ಸಾಮಾನ್ಯವಾಗಿ ಈ ಒಂದು ಮೆಗಾಹರ್ಟ್ಸ್ ಪಟ್ಟಿಗಿಂತ ಬಹಳ ವಿಶಾಲವಾದ ವ್ಯಾಪ್ತಿಯಲ್ಲಿ ಕೆಲಸ ಮಾಡಬಲ್ಲದು. ತಯಾರಕರು ಆ ವ್ಯಾಪ್ತಿಯನ್ನು ಆಲಿಕೆಗೆ ತೆರೆದಿಟ್ಟು, ಪ್ರಸಾರವನ್ನು ಮಾತ್ರ ಬಂಧಿಸುತ್ತಾರೆ. ಬಳಕೆದಾರನು ಮೈಕಿನ ಗುಂಡಿಯನ್ನು ಒತ್ತಿದಾಗ, ಪ್ರಸ್ತುತ ಚಾನೆಲ್‌ನಲ್ಲಿ ಪ್ರಸಾರಕ್ಕೆ ಅನುಮತಿ ಇದೆಯೇ ಎಂದು ಒಳಗಿನ ತಂತ್ರಾಂಶ ಪರಿಶೀಲಿಸುತ್ತದೆ. ಇಲ್ಲವಾದರೆ ಪ್ರಸಾರ ನಡೆಯದು. ಈ ತಾರತಮ್ಯಕ್ಕೆ ಕಾರಣ ಸರಳವಾದುದು. ಕೇಳುವವನಿಂದ ಬೇರೆಯವರ ಸಂಪರ್ಕಕ್ಕೆ ಅಡ್ಡಿಯಿಲ್ಲ. ಆದರೆ ಅಗ್ನಿಶಾಮಕ ದಳದ ಕಂಪನಾಂಕದಲ್ಲಿ ಹೊರಗಿನವನೊಬ್ಬ ಗುಂಡಿ ಒತ್ತಿದರೂ, ಆ ಕ್ಷಣ ಅಲ್ಲಿ ಮಾತನಾಡಬೇಕಾದವನ ದನಿ ಅಡಗಿಹೋಗಬಹುದು.

ತುಂಬಿಕೊಂಡ ಕಂಪನಾಂಕವೆಲ್ಲ ಕೇಳಿಸುತ್ತದೆಂದು ಭಾವಿಸಬಾರದು. ವಾಹನದ ಆಂಟೆನಾ 477 ಮೆಗಾಹರ್ಟ್ಸ್‌ಗೆ ಹೊಂದುವಂತೆ ಮಾಡಿದ್ದು. ಅದರಿಂದ ದೂರ ಸರಿದಂತೆಲ್ಲ ಸ್ವೀಕಾರ ಕ್ಷೀಣಿಸುತ್ತದೆ. ವಿಮಾನಗಳ ಸಂಭಾಷಣೆಯಂತೂ 118ರಿಂದ 137 ಮೆಗಾಹರ್ಟ್ಸ್‌ನಲ್ಲಿ, ಬೇರೆಯೇ ಸಂಯೋಜನಾ ವಿಧಾನದಲ್ಲಿ ನಡೆಯುವುದರಿಂದ ಈ ಸಾಧನದ ಅಳವಿಗೆ ಮೀರಿದ್ದು. ಪೊಲೀಸ್ ಮತ್ತು ತುರ್ತು ಸೇವೆಗಳು ಹಲವೆಡೆ ಡಿಜಿಟಲ್ ಜಾಲಗಳಿಗೆ, ಗೂಢಲಿಪೀಕರಿಸಿದ ಸಂವಹನಕ್ಕೆ ಸಾಗಿವೆ. ಅಂಥ ಕಂಪನಾಂಕದಲ್ಲಿ ಸಾದಾ ರೇಡಿಯೊ ಕೊಡುವುದು ಬರಿಯ ಗರಗರ ಸದ್ದು.

ಸಂಕೇತ ಸ್ವರವೂ ಒಂದು ತೊಡಕು. ಒಂದೇ ಕಂಪನಾಂಕವನ್ನು ಹಲವು ಗುಂಪುಗಳು ಹಂಚಿಕೊಂಡಾಗ, ಮಾತಿನ ಜೊತೆ ಕಿವಿಗೆ ತಾಗದಂತೆ ಒಂದು ಮಂದ್ರ ಸ್ವರವನ್ನು ಕಳುಹಿಸುವ ಪದ್ಧತಿಯಿದೆ. ಸಿಟಿಸಿಎಸ್‌ಎಸ್ ಎಂಬ ಈ ಪದ್ಧತಿಯಲ್ಲಿ, ನಿಗದಿಪಡಿಸಿದ ಸ್ವರ ಬಂದಾಗ ಮಾತ್ರ ಧ್ವನಿವರ್ಧಕ ತೆರೆದುಕೊಳ್ಳುತ್ತದೆ. ಆಲಿಕೆಯ ಚಾನೆಲ್‌ಗೆ ತಪ್ಪು ಸ್ವರವನ್ನು ಕೊಟ್ಟರೆ, ಎದುರಿಗೇ ಮಾತು ನಡೆದಿದ್ದರೂ ರೇಡಿಯೊ ಮೌನವಾಗಿರುತ್ತದೆ. ಆ ಮೌನವನ್ನು ಕೇಳುಗನು ‘ಎಲ್ಲವೂ ಶಾಂತವಾಗಿದೆ’ ಎಂದು ಓದಿಕೊಳ್ಳುವ ಅಪಾಯವಿದೆ.

ಸ್ಕ್ಯಾನ್ ಮಾಡುವಾಗಿನ ಸಮಸ್ಯೆ

ಹೆಚ್ಚುವರಿ ಚಾನೆಲ್‌ಗಳನ್ನು ಸಾಮಾನ್ಯವಾಗಿ ಒಂದೊಂದಾಗಿ ಅಲ್ಲ, ಸ್ಕ್ಯಾನ್ ಮೂಲಕ ಕೇಳಲಾಗುತ್ತದೆ. ರೇಡಿಯೊ ಸರದಿಯಂತೆ ಚಾನೆಲ್‌ಗಳನ್ನು ತಡಕುತ್ತ, ಮಾತು ಸಿಕ್ಕಲ್ಲಿ ನಿಲ್ಲುತ್ತದೆ. ಅದು ಏಕಕಾಲಕ್ಕೆ ಒಂದೇ ಚಾನೆಲನ್ನು ಕೇಳಬಲ್ಲುದೆಂಬುದನ್ನು ಹೊಸಬರು ಮರೆಯುವುದುಂಟು. ದೂರದ ಗಣಿಯೊಂದರ ದೈನಂದಿನ ಮಾತುಕತೆಯ ಮೇಲೆ ರೇಡಿಯೊ ನಿಂತಿರುವಾಗ, ಮುಂದಿನ ಲಾರಿಯವನು 40ನೆಯ ಚಾನೆಲ್‌ನಲ್ಲಿ ‘ಸೇತುವೆಯ ಮೇಲೆ ದನ ನಿಂತಿವೆ’ ಎಂದರೆ ಅದು ಹಿಂದಿನ ವಾಹನಕ್ಕೆ ಮುಟ್ಟುವುದಿಲ್ಲ. ಹೆಚ್ಚು ಕೇಳಬೇಕೆಂಬ ಆಸೆಯಿಂದಲೇ ಅಗತ್ಯವಾದದ್ದು ತಪ್ಪಿಹೋಗುತ್ತದೆ. ಆದುದರಿಂದ ಒಂದು ಚಾನೆಲನ್ನು ಆದ್ಯತೆಯದಾಗಿ ಗುರುತಿಸಿ, ಮಿಕ್ಕವುಗಳ ನಡುವೆ ಮತ್ತೆ ಮತ್ತೆ ಅಲ್ಲಿಗೆ ಮರಳುವಂತೆ ಏರ್ಪಡಿಸುವ ಸೌಲಭ್ಯವನ್ನು ಹಲವು ರೇಡಿಯೊಗಳಲ್ಲಿ ಕೊಟ್ಟಿರುತ್ತಾರೆ. ಪಟ್ಟಿಯನ್ನು ನಾಲ್ಕಾರು ಚಾನೆಲ್‌ಗಳಿಗೆ ಸೀಮಿತಗೊಳಿಸುವುದು ಅದಕ್ಕಿಂತಲೂ ಒಳ್ಳೆಯ ಉಪಾಯ.

ಕಾಡ್ಗಿಚ್ಚಿನ ಸಂದರ್ಭ

ಈ ಆಲಿಕೆ ಕೇವಲ ಹವ್ಯಾಸವಲ್ಲ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದ ಕಾಡ್ಗಿಚ್ಚುಗಳಲ್ಲಿ 173 ಜನ ಮೃತಪಟ್ಟರು. ತರುವಾಯ ನೇಮಕವಾದ ರಾಯಲ್ ಆಯೋಗವು ಸಾರ್ವಜನಿಕ ಎಚ್ಚರಿಕೆಗಳಲ್ಲಿನ ಲೋಪಗಳನ್ನು ಎತ್ತಿ ತೋರಿಸಿತು. ಎಚ್ಚರಿಕೆ ತಡವಾದೀತೆಂಬ ಭಯ ಹೀಗೆ ನಿರಾಧಾರವಾದುದಲ್ಲ. ಬೆಂಕಿ ಆರಿಸುವವರ ಮಾತನ್ನೇ ನೇರವಾಗಿ ಕೇಳಬೇಕೆಂಬ ಹಂಬಲ ಇಂಥ ಭಯದಿಂದ ಹುಟ್ಟುವುದು ಸಹಜ.

ಆದರೆ ಆ ಮಾತು ಊರಿನವರಿಗಾಗಿ ಆಡಿದ್ದಲ್ಲ. ಅದರಲ್ಲಿ ಬರುವ ವಾಹನಗಳ ಗುರುತು, ವಿಭಾಗಗಳ ಹೆಸರು ಸಿಬ್ಬಂದಿಗಷ್ಟೇ ಅರ್ಥವಾಗುವಂಥವು. ಗಾಳಿ ದಿಕ್ಕು ಬದಲಿಸಿತೆಂಬ ಒಂದು ವಾಕ್ಯ ಕಿವಿಗೆ ಬಿದ್ದರೂ, ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಎಂಬುದು ತಿಳಿಯದಿದ್ದರೆ ಓಡುವ ದಾರಿಯೇ ಬೆಂಕಿಯ ದಾರಿಯಾಗಬಹುದು. ಆಲಿಸಿದ್ದು ಪೂರಕ ಮಾಹಿತಿ ಮಾತ್ರ. ಅಧಿಕೃತ ಎಚ್ಚರಿಕೆ, ಎಬಿಸಿ ಆಕಾಶವಾಣಿಯ ಸ್ಥಳೀಯ ಪ್ರಸಾರ ಮತ್ತು 000 ದೂರವಾಣಿಗೆ ಅದು ಬದಲಿಯಲ್ಲ. ತಾನೇ ಸಿಕ್ಕಿಕೊಂಡಾಗಲಂತೂ ಆಲಿಕೆಯ ಚಾನೆಲ್‌ನಿಂದ ಕೂಗಿ ಕರೆಯಲಾಗದು. ಪ್ರಸಾರವಿರುವ ಚಾನೆಲ್‌ಗೆ ತಿರುಗಿಸಿಯೇ ಕರೆಯಬೇಕು. ಅಲ್ಲಿಯೂ 5ನೆಯ ಚಾನೆಲ್‌ನಲ್ಲಿ ಯಾರಾದರೂ ಸದಾ ಕಿವಿಗೊಟ್ಟಿರುತ್ತಾರೆಂಬ ಖಾತರಿಯಿಲ್ಲ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಹವಾಮಾನ ವಾರ್ತೆಗೆಂದೇ 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ ಏಳು ಕಂಪನಾಂಕಗಳಿವೆ. ಅಲ್ಲಿನ ಅನೇಕ ವಾಹನ ಹಾಗೂ ದೋಣಿ ರೇಡಿಯೊಗಳಲ್ಲಿ ಇವು ಆಲಿಸಲು ಮಾತ್ರವಿರುವ ಚಾನೆಲ್‌ಗಳಾಗಿ ಮೊದಲೇ ಅಳವಟ್ಟಿರುತ್ತವೆ. ಚಂಡಮಾರುತದಂಥ ಅಪಾಯ ಬಂದಾಗ 1050 ಹರ್ಟ್ಸ್‌ನ ಎಚ್ಚರಿಕೆಯ ಸ್ವರ ಮೊಳಗುತ್ತದೆ. ಆ ಸೌಲಭ್ಯವುಳ್ಳ ರೇಡಿಯೊ ತಾನಾಗಿ ಎಚ್ಚತ್ತು ಧ್ವನಿ ತೆರೆಯುತ್ತದೆ. ಆಸ್ಟ್ರೇಲಿಯಾದ ಬಳಕೆಗಿಂತ ಇದು ಸ್ವರೂಪದಲ್ಲಿಯೇ ಭಿನ್ನ: ಇಲ್ಲಿ ಕೇಳುಗನಿಗೆ ಸಿಗುವುದು ದಾರಿಯಲ್ಲಿ ಕಿವಿಗೆ ಬಿದ್ದ ಮಾತಲ್ಲ, ಅವನನ್ನೇ ಕುರಿತು ಹೇಳಿದ ಮಾತು.

ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ದೂರವಾಣಿ ಸಂಭಾಷಣೆಯನ್ನು ಕದ್ದಾಲಿಸುವುದು 1979ರ ಕಾಯ್ದೆಯಂತೆ ಅಪರಾಧ. ಭಾರತದಲ್ಲಿ 477 ಮೆಗಾಹರ್ಟ್ಸ್ ಪಟ್ಟಿ ಪರವಾನಗಿರಹಿತ ನಾಗರಿಕ ಬಳಕೆಗೆ ತೆರೆದಿಲ್ಲವಾದ್ದರಿಂದ, ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಮರಳುವಾಗ ಅಲ್ಲಿನ ರೇಡಿಯೊವನ್ನು ತಂದು ಇಲ್ಲಿನ ಕಾರಿಗೆ ಅಳವಡಿಸಿ ಬಳಸುವಂತಿಲ್ಲ.