ಹವೆ ಬದಲಾದಾಗಿನ ಜ್ವರ

“ಹವಾ ಬದಲಾತಲ್ಲ ಡಾಕ್ಟ್ರೇ, ಅದಕ್ಕ ಜ್ವರ” ಎಂಬ ಮಾತು ಏಪ್ರಿಲ್, ಮೇ ತಿಂಗಳುಗಳಲ್ಲಿ ದವಾಖಾನೆಯಲ್ಲಿ ದಿನವೂ ಕೇಳಿಬರುತ್ತದೆ. ಸುಮಾರು 2,500 ಅಡಿ ಎತ್ತರದ ಬೆಳಗಾವಿಯಲ್ಲಿ ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು, ಕೆಲವೊಮ್ಮೆ ಆಲಿಕಲ್ಲು, ರಾತ್ರಿ ತಂಪು. ಕಾಡಿನ ಸೆರಗಿನ ಖಾನಾಪುರದಲ್ಲೂ ಇದೇ ಏರುಪೇರು.

ಆದರೆ ಬಿಸಿಲು ಬಡಿಯುವುದನ್ನು ಬಿಟ್ಟರೆ, ಹವೆಯೇ ಮೈ ಕಾಯಿಸುವುದಿಲ್ಲ; ರೋಗಾಣುಗಳಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೆ. ಮೊದಲ ಮಳೆ ನೆಲದ ಹೊಲಸನ್ನು ತೆರೆದ ಬಾವಿಗೆ ಒಯ್ಯುತ್ತದೆ, ವಾಂತಿಭೇದಿ ಶುರುವಾಗುತ್ತದೆ. ಟೈರು, ಕುಂಡ, ಬ್ಯಾರಲ್ಲುಗಳಲ್ಲಿ ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆಯ ಮೊಟ್ಟೆ ಸುಮಾರು 8–10 ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅವನ್ನು ಬರಿದುಮಾಡಿ, ತಿಕ್ಕಿ, ಒಣಗಿಸಿರಿ. ಕುಡಿಯುವ ನೀರನ್ನು ಕುದಿಸಿ ಆರಿಸಿರಿ.

ಭೇದಿಯಾದರೆ ಓಆರ್‌ಎಸ್ ಕೊಡಿರಿ. ಅದು ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ, ಗುಟುಕು ಗುಟುಕಾಗಿ ಕುಡಿಸಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಡೆಂಗ್ಯೂ ಇದ್ದರೆ ರಕ್ತಸ್ರಾವ ಹೆಚ್ಚಬಹುದು.

ಎರಡು ದಿನ ದಾಟಿದ ಜ್ವರವನ್ನು ಹವೆಯ ತಲೆಗೆ ಕಟ್ಟಬೇಡಿರಿ. ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆಯ ಬಗ್ಗೆ ಕೇಳಿರಿ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿರಿ. ಬೆಳಗಿನ ಬಸ್ಸಿಗೆ ಕಾಯಬೇಡಿರಿ.