ಅರಿವೆ ಹಿಂಡುವ ಮೆಷಿನ್ ನಿಂತರೆ ಮೊದಲು ಸದ್ದು ಕೇಳಿ

ರಾರಾವಿಯ ಎರೆಹೊಲದಲ್ಲಿ ಹತ್ತಿ ಬಿಡಿಸಿ ಬಂದವರ ಅರಿವೆ ಒಗೆಯೋದು ಸೊಂಟ ಮುರಿಯೋ ಕೆಲಸ. ಅದಕ್ಕೇ ನಮ್ಮ ಮನೆಗೆ ಎರಡು ತೊಟ್ಟಿಯ ಸೆಮಿ ಆಟೋಮೆಟಿಕ್ ಮೆಷಿನ್ ಬಂತು. ಸುಗ್ಗಿಯಲ್ಲೇ ಹಿಂಡುವ ಡ್ರಮ್ ನಿಂತಿತು. ರಿಪೇರಿಯವನು ಮೋಟರೇ ಬದಲಿಸಬೇಕೆಂದ. ನಾನು ಒಪ್ಪಲಿಲ್ಲ.

ನೀರೆತ್ತುವ ಸಣ್ಣ ಮೋಟರಿನಂತೆಯೇ ಇದೂ. ಸದ್ದೇ ಇಲ್ಲವೆಂದರೆ ಕರೆಂಟು ಮುಟ್ಟಿಲ್ಲ. ಮುಚ್ಚಳ ಸರಿಯಾಗಿ ಕೂತಿದೆಯೇ ನೋಡ್ರಿ, ಅದರಡಿಯ ಸ್ವಿಚ್ ಒತ್ತದೆ ಡ್ರಮ್ ತಿರುಗದು. ಇಲಿ ವೈರ್ ಕಡಿದಿರಲೂಬಹುದು.

ಗುಂಯ್ ಅಂದು ತಿರುಗದಿದ್ದರೆ ತಕ್ಷಣ ಬಂದ್ ಮಾಡಿ, ಇಲ್ಲದಿದ್ದರೆ ಮೋಟರು ಸುಡುತ್ತದೆ. ಓಲ್ಟೇಜ್ ಬಿದ್ದಾಗಲೂ ಇದೇ ಸದ್ದು. ಪ್ಲಗ್ ಕಿತ್ತು, ಹಿಂದಿನ ಹಲಗೆ ಬಿಚ್ಚಿ, ಡ್ರಮ್ಮಿನ ಕೆಳಗಿನ ಗಾಲಿಯನ್ನು ಕೈಯಿಂದ ತಿರುಗಿಸಿ. ಮುಚ್ಚಳ ಮುಚ್ಚಿರಲಿ, ತೆರೆದರೆ ಬ್ರೇಕ್ ಹಿಡಿಯುತ್ತದೆ. ಬಿಗಿ ಇದ್ದರೆ ಕೆಳಗೆ ಕರ್ಚೀಫೋ ಕಾಲುಚೀಲವೋ ಸಿಕ್ಕಿರುತ್ತದೆ, ಅಥವಾ ಬ್ರೇಕ್ ಬಿಟ್ಟಿಲ್ಲ. ಸಲೀಸಾಗಿ ತಿರುಗಿದರೆ ಕಂಡೆನ್ಸರ್ ಮೇಲೆ ಅನುಮಾನ.

ನಮ್ಮದು ಅದೇ ಆಗಿತ್ತು. ಒಗೆಯೋದಕ್ಕೂ ಹಿಂಡೋದಕ್ಕೂ ಒಂದೇ ಡಬ್ಬಿ, ಮೂರು ವೈರು. ಬಣ್ಣ ಬರೆದಿಟ್ಟುಕೊಂಡು, ಡಬ್ಬಿಯ ಮೇಲಿದ್ದ ಮೈಕ್ರೋಫ್ಯಾರಡ್ ಅಂಕಿಯದನ್ನೇ ತಂದೆವು. ಪ್ಲಗ್ ಕಿತ್ತರೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈ ಹಚ್ಚಬೇಡಿ. ಊರಿನ ಮೋಟರು ವೈಂಡಿಂಗ್ ಹುಡುಗನೇ ಹಾಕಿಕೊಟ್ಟ. ತಳದ ತೆರವಿಗೆ ಜಾಲರಿಯನ್ನೂ ಕಟ್ಟಿಸಿದೆ. ಇಲಿಗೆ ಅದು ಬೆಚ್ಚನೆ ಜಾಗ.