ಟೀಕಾಕಾರರ ಸೀಮೆಯಲ್ಲಿ ನಿರ್ದೇಶಕರ ಮಾತು

ಚಿಂಚೋಳಿ, ಸೇಡಂ ಕಡೆಯ ಹುಡುಗರು ಈಗ ಸಿನಿಮಾಕ್ಕಿಂತ ಮೊದಲೇ ಅದರ ನಿರ್ದೇಶಕರ ಸಂದರ್ಶನವನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. ‘ಡೈರೆಕ್ಟರೇ ಹಂಗ ಹೇಳ್ಯಾರ’ ಎಂದು ಒಬ್ಬ ಅಂದರೆ ಸಾಕು, ಅಲ್ಲಿಗೆ ಚರ್ಚೆಗೆ ತೆರೆ ಬೀಳುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಚಿತ್ರದ ಜೊತೆಗೇ ವಿವರಣೆ ಕೇಳಿಸುವ ಪದ್ಧತಿ ಶುರುವಾದದ್ದು 1984ರಲ್ಲಿ, ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ತಂದ ‘ಕಿಂಗ್ ಕಾಂಗ್’ ಲೇಸರ್ ಡಿಸ್ಕ್‌ನಿಂದ. ಅದರಲ್ಲಿ ಮಾತಾಡಿದವರು ರೊನಾಲ್ಡ್ ಹೇವರ್. ಚಿತ್ರದ ಇತಿಹಾಸ ಬಲ್ಲವರೇ ಹೊರತು ನಿರ್ದೇಶಕರಲ್ಲ. ಡಿವಿಡಿ ಕಾಲಕ್ಕೆ ನಿರ್ದೇಶಕರೇ ಮೈಕಿನ ಮುಂದೆ ಕೂತರು. ‘ಬ್ಲೇಡ್ ರನ್ನರ್’ ನಾಯಕ ಮನುಷ್ಯನಲ್ಲ, ಕೃತಕ ಜೀವಿ ಎಂದು ರಿಡ್ಲಿ ಸ್ಕಾಟ್ ಸಾರಿದರು. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಇದನ್ನು ಒಪ್ಪಿರಲಿಲ್ಲ. ಆದರೂ ಬಹಳ ಮಂದಿಗೆ ಸ್ಕಾಟರ ಮಾತೇ ಕೊನೆಯ ತೀರ್ಪಾಯಿತು.

ವಿವರಣೆಗೆ ಎಂಥ ಬಲವಿದೆ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಶಹಾಬಾದ್ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ‘ಮಿತಾಕ್ಷರ’ವನ್ನು ಹಿಡಿದೇ ಬ್ರಿಟಿಷ್ ಕಾಲದ ಕೋರ್ಟುಗಳು ಬಂಗಾಳ ಬಿಟ್ಟು ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲು ಮಾಡಿದವು. ಮೂಲ ಹಿಂದೆ ಸರಿದು ಟೀಕೆಯೇ ಕಾನೂನಾಯಿತು! ಆದರೂ ಪಂಡಿತರು ಬಾಯಿ ಕಟ್ಟಿಕೊಂಡು ಕೂರಲಿಲ್ಲ. ಮಿತಾಕ್ಷರದ ಮೇಲೆಯೇ ‘ಸುಬೋಧಿನಿ’, ‘ಬಾಲಂಭಟ್ಟಿ’ ಎಂಬ ಟೀಕೆಗಳು ಹುಟ್ಟಿದವು. ನಿರ್ದೇಶಕರ ಮಾತಿನ ಮುಂದೆಯೂ ನೋಡುಗರಿಗೆ ಈ ಧೈರ್ಯ ಬೇಕು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಕೊನೆ ನೋಡಿ. ಬಹಿಷ್ಕಾರಕ್ಕೊಳಗಾಗಿ ತಲೆ ಬೋಳಿಸಿಕೊಂಡ ವಿಧವೆ ಯಮುನಕ್ಕ ಮರದ ಕೆಳಗೆ ಒಂಟಿಯಾಗಿ ಕೂತಿದ್ದಾಳೆ. ಅವಳ ಮನೆಯಲ್ಲಿ ವೇದ ಕಲಿಯಲು ಬಂದಿದ್ದ ಹುಡುಗ ನಾಣಿ ತಂದೆಯೊಡನೆ ಊರಿಗೆ ಹೊರಟಾಗ ಅವಳನ್ನು ನೋಡುತ್ತಾನೆ. ಆ ನೋಟದಲ್ಲಿರುವುದು ಕರುಣೆಯೋ, ಭಯವೋ, ತಾನೂ ಕೈಬಿಟ್ಟೆನೆಂಬ ಅಳುಕೋ? ಒಂದೊಂದು ಸಲ ಒಂದೊಂದು ಕಾಣುತ್ತದೆ. ಇದರಲ್ಲಿ ಯಾವುದು ಸರಿ ಎಂದು ನಿರ್ದೇಶಕರಿಂದ ಕೇಳುವ ಆಸೆ ನನಗಿಲ್ಲ.

ಅವರಿಂದ ಕೇಳಬೇಕಾದ್ದು ಬೇರೆ ಬೇಕಾದಷ್ಟಿದೆ. ಅನಂತಮೂರ್ತಿಯವರ ಕತೆಯಿಂದ ಏನು ಉಳಿಸಿಕೊಂಡರು, ಏನು ಬಿಟ್ಟರು? ಛಾಯಾಗ್ರಾಹಕ ಎಸ್. ರಾಮಚಂದ್ರರ ಜೊತೆ ಆ ಕಪ್ಪು-ಬಿಳುಪಿನ ಬೆಳಕನ್ನು ಹೇಗೆ ಹೊಂದಿಸಿದರು? ಬಿ.ವಿ. ಕಾರಂತರ ಸಂಗೀತ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಹೇಗೆ ತೀರ್ಮಾನಿಸಿದರು? ರಾಮಚಂದ್ರ, ಕಾರಂತ ಇಬ್ಬರೂ ಈಗಿಲ್ಲ; ಇದನ್ನೆಲ್ಲ ಕಾಸರವಳ್ಳಿಯವರೇ ಹೇಳಬೇಕು. ಚಿತ್ರದ ಹೊಸದಾಗಿ ಸಂರಕ್ಷಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದೆ. ಆ ಪ್ರತಿಯನ್ನು ನಮ್ಮ ತಾಲ್ಲೂಕು ಕಾಲೇಜುಗಳಿಗೂ ತರಿಸಿ ತೋರಿಸಬೇಕು. ಮೊದಲು ಚಿತ್ರ, ಆಮೇಲೆ ಹುಡುಗ ಹುಡುಗಿಯರ ವಾದ. ಕಾಸರವಳ್ಳಿಯವರ ಧ್ವನಿಮುದ್ರಿತ ಮಾತು ಅದಾದ ಮರುದಿನಕ್ಕಿರಲಿ.